ಬೆಕ್ಕಿನ ಜೊಲ್ಲು: ಮುದ್ದಿಗೋ, ನೋವಿಗೋ?

ತೊಡೆಯ ಮೇಲೆ ಗುರುಗುಟ್ಟುತ್ತಾ, ಮುಂಗಾಲಿನಿಂದ ನಾದುತ್ತಾ ಎರಡು ಹನಿ ಜೊಲ್ಲು ಸುರಿಸಿದರೆ ಅದು ಸುಖದ ಜೊಲ್ಲು; ಬಟ್ಟೆ ಒದ್ದೆಯಾಗುವುದಷ್ಟೇ ನಷ್ಟ. ಆದರೆ ನಿಮ್ಮ 9 ವರ್ಷದ ಬೆಕ್ಕು ಎರಡು ದಿನಗಳಿಂದ ಜೊಲ್ಲು ಸುರಿಸುತ್ತಾ, ತಟ್ಟೆಯ ಬಳಿ ಬಂದು ಮೂಸಿ ಹಿಂದೆ ಸರಿಯುತ್ತಿದೆ ಎಂದಿದ್ದೀರಿ. ಹಸಿವಿದೆ, ಬಾಯಿ ನೋಯುತ್ತಿದೆ ಎಂದು ನನ್ನ ಅನುಮಾನ. ನಮ್ಮ ಬೆಕ್ಕೂ ಹೀಗೆಯೇ ಮಾಡಿತ್ತು; ತುಟಿ ಎತ್ತಿ ನೋಡಿದರೆ ಒಸಡು ಕೆಂಪಗೆ ಊದಿ, ಬಾಯಿ ಕೊಳೆತ ಮೀನಿನಂತೆ ನಾರುತ್ತಿತ್ತು. ನಾಲಿಗೆಯ ಅಡಿ ದಾರ ಸಿಕ್ಕಿಕೊಂಡಿದ್ದರೆ ಮಾತ್ರ ಎಳೆಯಬೇಡಿ, ಇನ್ನೊಂದು ತುದಿ ಕರುಳಿನಲ್ಲಿದ್ದರೆ ಕರುಳನ್ನೇ ಕೊಯ್ದೀತು. ಅಂದ ಹಾಗೆ, ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನೇನಾದರೂ ಹಚ್ಚಿದಿರಾ? ಬೆಕ್ಕಿಗೆ ಅದು ವಿಷ. ಏನೇ ಇರಲಿ, ಇಂದೇ ಪಶುವೈದ್ಯರಿಗೆ ತೋರಿಸಿ. ಎರಡು ಮೂರು ದಿನ ಉಪವಾಸವಿದ್ದರೂ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳಬಹುದು.