ಓದುಗರ ಪ್ರಶ್ನೆ: ಸಾವಿನ ತಾರೀಖಿನಲ್ಲಿ ಗುಟ್ಟಿದೆಯೇ?

ಪ್ರಶ್ನೆ (ಧಾರವಾಡದಿಂದ): ಬೇಂದ್ರೆ (26-10-1981), ಅನಂತಮೂರ್ತಿ (22-8-2014), ಕಾರ್ನಾಡ್ (10-6-2019) ತೀರಿಕೊಂಡ ದಿನಾಂಕಗಳ ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿದರೆ ಮೂವರಿಗೂ 1 ಬರುತ್ತದೆ. ಇದು ಬರೀ ಕಾಕತಾಳೀಯವೇ?

ಉತ್ತರ: ಹೌದು, ಅದೂ ತೀರಾ ಸಾಧಾರಣವಾದದ್ದು. ನೀವು ಬಿಟ್ಟವರನ್ನೂ ಸೇರಿಸಿ ನೋಡಿ. ಅಗಲಿದ ಇತರ ಕನ್ನಡ ಜ್ಞಾನಪೀಠಿಗಳಲ್ಲಿ ಕುವೆಂಪು (11-11-1994) 9, ಮಾಸ್ತಿ (6-6-1986) 9, ಕಾರಂತ (9-12-1997) 2, ಗೋಕಾಕ (28-4-1992) 8. ಏಳು ಮಂದಿಯನ್ನು 1ರಿಂದ 9ರವರೆಗಿನ ಒಂಬತ್ತು ಮನೆಗಳಿಗೆ ಹಂಚಿದಂತಾಯಿತು. ಏಳಕ್ಕೇಳೂ ಬೇರೆಬೇರೆ ಮನೆಗೆ ಬೀಳುವ ಸಾಧ್ಯತೆ ನೂರಕ್ಕೆ ನಾಲ್ಕೂ ಇಲ್ಲ. ಯಾವುದೋ ಒಂದು ಮನೆಗೆ ಮೂವರೋ ಹೆಚ್ಚೋ ಬೀಳುವ ಸಾಧ್ಯತೆ ಸುಮಾರು ಮೂವತ್ತು. ಜೋಡಿ ಸಿಗದಿದ್ದರೇ ಅಚ್ಚರಿಪಡಬೇಕಿತ್ತು!

ಕೂಡುವ ಕಷ್ಟವೂ ಬೇಡ: ತಾರೀಖನ್ನು 26101981 ಎಂದು ಒಂದೇ ಸಂಖ್ಯೆಯಾಗಿ ಬರೆದು 9ರಿಂದ ಭಾಗಿಸಿ. ಶೇಷವೇ ಉತ್ತರ, ಶೇಷ 0 ಆದರೆ 9. ಎಕ್ಸೆಲ್‌ನಲ್ಲಿ ಮಾಡುವವರು ಒಂದು ಎಚ್ಚರ ವಹಿಸಿ. ಅಮೆರಿಕದ ಸೆಟ್ಟಿಂಗ್ ಇದ್ದರೆ ಕಾರಂತರ 9-12-1997 ಸೆಪ್ಟೆಂಬರ್ 12 ಆಗಿಬಿಡುತ್ತದೆ. ಅಂಕಿಗಳ ಮೊತ್ತ ಬದಲಾಗದ್ದರಿಂದ ತಪ್ಪು ಕಣ್ಣಿಗೇ ಬೀಳದು, ಆದರೆ ವಾರ ನೋಡಹೊರಟರೆ ಮಂಗಳವಾರದ ಜಾಗದಲ್ಲಿ ಶುಕ್ರವಾರ ಕೂತಿರುತ್ತದೆ. 1900ಕ್ಕಿಂತ ಹಿಂದಿನ ತಾರೀಖುಗಳನ್ನಂತೂ ಎಕ್ಸೆಲ್ ತಾರೀಖೆಂದೇ ಒಪ್ಪುವುದಿಲ್ಲ, ಪಠ್ಯವಾಗಿ ಉಳಿಸುತ್ತದೆ.

ಪ್ರಶ್ನೆ (ಮಂಡ್ಯದಿಂದ): ಲಿಂಕನ್, ಕೆನಡಿ ಇಬ್ಬರ ಹೆಸರಿಗೂ ಇಂಗ್ಲಿಷಿನಲ್ಲಿ ಏಳಕ್ಷರ. ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದದ್ದು 1860, 1960. ಇಬ್ಬರಿಗೂ ಗುಂಡೇಟು ಬಿದ್ದದ್ದು ಶುಕ್ರವಾರ. ಇಷ್ಟೆಲ್ಲ ಹೊಂದುವುದು ಹೇಗೆ?

ಉತ್ತರ: ಹೊಂದುವುದನ್ನಷ್ಟೇ ಆರಿಸಿದ್ದರಿಂದ. ಗುಂಡು ತಗುಲಿದ ವಾರ ಎರಡಕ್ಕೂ ಶುಕ್ರವಾರ, ನಿಜ. ಆದರೆ ಲಿಂಕನ್ ಪ್ರಾಣಬಿಟ್ಟದ್ದು ಮರುದಿನ, ಶನಿವಾರ ಬೆಳಿಗ್ಗೆ. ಹಂತಕರು ಹುಟ್ಟಿದ್ದು 1839, 1939 ಎಂದು ಓಡಾಡುವ ಪಟ್ಟಿಯಲ್ಲಿದೆ. ಲಿಂಕನ್‌ನ ಹಂತಕ ಬೂತ್ ಹುಟ್ಟಿದ್ದು 1838ರಲ್ಲಿ. ಲಿಂಕನ್‌ಗೆ ಕೆನಡಿ ಎಂಬ ಕಾರ್ಯದರ್ಶಿ ಇದ್ದನೆಂಬುದೂ ಕಟ್ಟುಕತೆ, ಇದ್ದವರು ನಿಕೊಲೇ ಮತ್ತು ಹೇ.

ಅಕ್ಷರ ಎಣಿಕೆಯ ಮೋಜು ಕನ್ನಡದಲ್ಲಿ ಇನ್ನೂ ಚೆನ್ನ. ‘ಲಿಂಕನ್’ ಕಣ್ಣಳತೆಗೆ ಮೂರು: ಲಿಂ, ಕ, ನ್. ‘ಕೆನಡಿ’ಯೂ ಮೂರು. ಅದನ್ನೇ ಕಂಪ್ಯೂಟರಿಗೆ ಎಣಿಸಲು ಹೇಳಿ: ಗುಣಿತ ಚಿಹ್ನೆ, ಅನುಸ್ವಾರ, ‘ನ್’ನಲ್ಲಿರುವ ವಿರಾಮಚಿಹ್ನೆ ಇವನ್ನೆಲ್ಲ ಬಿಡಿಬಿಡಿಯಾಗಿ ಲೆಕ್ಕ ಹಾಕಿ ಮೊದಲನೆಯದಕ್ಕೆ 6, ಎರಡನೆಯದಕ್ಕೆ 5 ಎನ್ನುತ್ತದೆ. ಎಣಿಸುವ ಪದ್ಧತಿಯನ್ನು ಉತ್ತರ ನೋಡುವ ಮೊದಲೇ ಬರೆದಿಡದಿದ್ದರೆ ಕೈ ತಾನಾಗಿ ಹೊಂದುವ ಪದ್ಧತಿಯತ್ತ ಹೋಗುತ್ತದೆ. ಹೊಂದದೆ ಕೈಬಿಟ್ಟ ಪ್ರಯತ್ನಗಳನ್ನೂ ಹಾಳೆಯಲ್ಲಿ ಗುರುತು ಹಾಕಿ. ಹೆಸರಿಗೂ ತಾರೀಖಿಗೂ ನಂಟಿದೆ ಅನ್ನಿಸಿದರೆ ಹೆಸರುಗಳನ್ನು ಹಾಗೇ ಬಿಟ್ಟು ತಾರೀಖುಗಳನ್ನು ಮಾತ್ರ ಕಲಸಿ ಮತ್ತೆ ಎಣಿಸಿ, ಹೀಗೆ ಸಾವಿರ ಸಲ. ಐವತ್ತು ಸಲಕ್ಕಿಂತ ಹೆಚ್ಚು ಬಾರಿ ಅಷ್ಟೋ ಅದಕ್ಕಿಂತ ಹೆಚ್ಚೋ ಹೊಂದಾಣಿಕೆ ಸಿಕ್ಕರೆ ನಂಟಿನ ಮಾತು ಬಿಡಿ.

ಪ್ರಶ್ನೆ (ಶಿರಸಿಯಿಂದ): ಮಾಸ್ತಿ ಹುಟ್ಟಿದ್ದೂ ತೀರಿಕೊಂಡದ್ದೂ ಜೂನ್ 6. ಷೇಕ್ಸ್‌ಪಿಯರ್‌ಗೂ ಹೀಗೇ ಅಲ್ಲವೇ?

ಉತ್ತರ: ಮಾಸ್ತಿಯವರದು ದಾಖಲೆ: 1891, 1986. ಒಬ್ಬರಿಗೆ ಹೀಗಾಗುವುದು ಸುಮಾರು 365ಕ್ಕೆ ಒಂದು, ಆದ್ದರಿಂದ ಸಾವಿರ ಲೇಖಕರ ಪಟ್ಟಿ ಹಿಡಿದರೆ ಇಂಥ ಎರಡು ಮೂರು ಹೆಸರು ನಿರೀಕ್ಷಿಸಬಹುದು. ಷೇಕ್ಸ್‌ಪಿಯರ್ ಹುಟ್ಟಿದ ದಿನ ಎಲ್ಲೂ ದಾಖಲಾಗಿಲ್ಲ. ಇರುವುದು 26 ಏಪ್ರಿಲ್ 1564ರ ದೀಕ್ಷಾಸ್ನಾನದ ನಮೂದು ಮಾತ್ರ. ಸಾವು 23 ಏಪ್ರಿಲ್ 1616, ಅದೂ ಆಗಿನ ಇಂಗ್ಲೆಂಡಿನ ಹಳೆಯ ಜೂಲಿಯನ್ ಪಂಚಾಂಗದಂತೆ. ಇಂದಿನ ಲೆಕ್ಕಕ್ಕೆ ಮೇ 3.