ಅಳಿಸಿದ್ದು ಹೆಸರು ಮಾತ್ರ, ಫೈಲ್ ಅಲ್ಲೇ ಉಂಟು

ಪ್ರಶ್ನೆ: ನಮ್ಮ ಗೋದಾಮಿನ ಬಿಲ್ಲಿಂಗ್ ಉಬುಂಟು ಸರ್ವರಿನಲ್ಲಿ ನಡೆಯುತ್ತದೆ. 100 ಜಿಬಿ ಡಿಸ್ಕ್ ತುಂಬಿತೆಂದು 39 ಜಿಬಿಯ ಲಾಗ್ ಫೈಲ್ (ಪ್ರೋಗ್ರಾಂ ತನ್ನ ಕೆಲಸವನ್ನು ದಾಖಲಿಸುವ ಫೈಲ್) ಅಳಿಸಿದೆ. ಡಿಸ್ಕಿನ ಜಾಗ ಹೇಳುವ ಡಿಎಫ್ ಕಮಾಂಡ್ ಈಗಲೂ 100% ತೋರಿಸುತ್ತದೆ. ಫಾರ್ಮ್ಯಾಟ್ ಮಾಡಲೇಬೇಕು ಎನ್ನುತ್ತಾರೆ, ಹೌದೇ? (ಬೈಕಂಪಾಡಿ)

ಉತ್ತರ: ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ಯಾರಾದರೊಬ್ಬರು ಫಾರ್ಮ್ಯಾಟ್ ಎಂದಿರುತ್ತಾರೆ, ಇಲ್ಲವೇ ಹೊಸ ಡಿಸ್ಕ್ ಮಾರಲು ನಿಂತಿರುತ್ತಾರೆ. ಎರಡೂ ಶುದ್ಧ ತಪ್ಪು.

ಫೈಲ್ ಅಳಿಸಲು ಕೊಡುವ ಆರ್‌ಎಂ ಕಮಾಂಡ್ ಅಳಿಸುವುದು ಫೋಲ್ಡರಿನಲ್ಲಿರುವ ಹೆಸರನ್ನು. ಫೈಲನ್ನು ಯಾವುದಾದರೂ ಪ್ರೋಗ್ರಾಂ ತೆರೆದಿಟ್ಟುಕೊಂಡಿದ್ದರೆ, ಅದು ಮುಚ್ಚುವವರೆಗೆ ಜಾಗ ಸಿಗುವುದಿಲ್ಲ. ಫೋಲ್ಡರುಗಳ ಗಾತ್ರ ಹೇಳುವ ಡಿಯು ಕಮಾಂಡ್ ಹೆಸರಿದ್ದ ಫೈಲುಗಳನ್ನಷ್ಟೇ ಕೂಡಿಸುತ್ತದೆ, ಡಿಎಫ್ ಫೈಲ್‌ಸಿಸ್ಟಮ್ಮಿನ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಲೆಕ್ಕವನ್ನೇ ಓದುತ್ತದೆ. ಎರಡಕ್ಕೂ 39 ಜಿಬಿ ವ್ಯತ್ಯಾಸ ಬಂದರೆ ಮೊದಲು ನೋಡಬೇಕಾದ್ದು ಇದನ್ನೇ.

"ಸುಡೊ ಎಲ್‌ಎಸ್‌ಒಎಫ್ +ಎಲ್1" (sudo lsof +L1) ಕೊಡಿ. ಹೆಸರು ಕಳೆದುಕೊಂಡೂ ತೆರೆದಿರುವ ಫೈಲುಗಳು ಮಾತ್ರ ಬರುತ್ತವೆ. ಸೈಜ್ ಕಾಲಮಿನಲ್ಲಿ 41875931136ರಂಥ ಅಂಕಿ ಹುಡುಕಿ. ಬೈಟ್ ಲೆಕ್ಕದಲ್ಲಿ ಅದೇ ನಿಮ್ಮ 39 ಜಿಬಿ. ಆ ಸಾಲಿನ ಪಿಐಡಿ (ಪ್ರೋಗ್ರಾಂನ ಸಂಖ್ಯೆ) 2143, ಎಫ್‌ಡಿ (ಅದು ತೆರೆದ ಫೈಲಿನ ಸಂಖ್ಯೆ) 4ಡಬ್ಲ್ಯೂ ಎಂದಿಟ್ಟುಕೊಳ್ಳಿ. 2143ನೇ ಪ್ರೋಗ್ರಾಂ ಅದಕ್ಕೆ ಬರೆಯಲೆಂದು ತೆರೆದುಕೊಂಡಿದೆ ಎಂದರ್ಥ. ಆ ಒಂದು ಸರ್ವಿಸನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಬರುತ್ತದೆ. ಕರೆಂಟು ಹೋಗಿ ಬಂದ ಮೇಲೆ "ತಾನಾಗಿಯೇ ಸರಿಯಾಯಿತು" ಎನ್ನುವವರಿಗೂ ಕಾರಣ ಇದೇ: ಪ್ರೋಗ್ರಾಂ ಸತ್ತಿತು, ಮುಂದಿನ ಮೌಂಟ್‌ನಲ್ಲಿ (ಸಿಸ್ಟಮ್ ಡಿಸ್ಕನ್ನು ಮತ್ತೆ ಜೋಡಿಸಿಕೊಳ್ಳುವಾಗ) ಅನಾಥ ಫೈಲು ತೆರವಾಯಿತು. ಹಾಗೆಂದು ಸ್ವಿಚ್ ಆರಿಸಬೇಡಿ, ಡೇಟಾಬೇಸ್ ಕೆಡಬಹುದು.

ಹಗಲು ಬಿಲ್ಲಿಂಗ್ ನಿಲ್ಲಿಸಲಾಗದಿದ್ದರೆ "ಸುಡೊ ಟ್ರಂಕೇಟ್ -ಎಸ್ 0 /ಪ್ರೊಕ್/2143/ಎಫ್‌ಡಿ/4" (sudo truncate -s 0 /proc/2143/fd/4) ಕೊಡಿ, ತೆರೆದಿರುವಂತೆಯೇ ಫೈಲ್ ಖಾಲಿಯಾಗುತ್ತದೆ. ಅಂಕಿ ನಿಮ್ಮ ಸಾಲಿನದ್ದೇ ಇರಲಿ, ಎರಡು ಸಲ ನೋಡಿ ಎಂಟರ್ ಒತ್ತಿ. ಲಾಗ್ ಫೈಲಿಗೆ ಮಾತ್ರ ಇದು. ಡೇಟಾಬೇಸಿನ ಫೈಲಿಗೆ ಮಾಡಿದರೆ ಲೆಕ್ಕವೆಲ್ಲ ಹೋಯಿತು. ಅದಕ್ಕೇ ನಾನಾದರೆ ರಾತ್ರಿವರೆಗೆ ಕಾದು ರೀಸ್ಟಾರ್ಟನ್ನೇ ಮಾಡುತ್ತೇನೆ.

ಮುಂದೆ ಓಡುತ್ತಿರುವ ಲಾಗನ್ನು ಆರ್‌ಎಂ ಮಾಡಬೇಡಿ, ಹಳೆಯ ಲಾಗನ್ನು ಆಗಾಗ ಸರಿಸಿ ತೆಗೆಯುವ ಲಾಗ್‌ರೊಟೇಟ್‌ಗೆ ಒಪ್ಪಿಸಿ. ಫೈಲ್ ಮತ್ತೆ ತೆರೆಯುವ ಸಿಗ್ನಲ್ಲು ನಿಮ್ಮ ಪ್ರೋಗ್ರಾಂಗೆ ತಿಳಿಯದಿದ್ದರೆ ಅದರಲ್ಲಿ ಕಾಪಿಟ್ರಂಕೇಟ್ (ನಕಲು ತೆಗೆದು ಮೂಲವನ್ನು ಖಾಲಿ ಮಾಡುವ ಆಯ್ಕೆ) ಹಾಕಿ. ನಕಲಾಗುವ ಕ್ಷಣದಲ್ಲಿ ಒಂದೆರಡು ಸಾಲು ತಪ್ಪಬಹುದು, ಡಿಸ್ಕ್ ತುಂಬಿ ಬಿಲ್ಲೇ ನಿಲ್ಲುವುದಕ್ಕಿಂತ ಅದು ವಾಸಿ. ಇಷ್ಟಾದ ಮೇಲೂ ಸುಮಾರು 5 ಜಿಬಿ ಲೆಕ್ಕಕ್ಕೆ ಸಿಗದಿದ್ದರೆ ಗಾಬರಿ ಬೇಡ. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ ಸಾಮಾನ್ಯವಾಗಿ 5% ಜಾಗವನ್ನು ರೂಟ್‌ಗೆಂದು (ಸರ್ವರಿನ ಅಡ್ಮಿನ್ ಖಾತೆ) ಮೀಸಲಿಡುತ್ತದೆ.

ಪ್ರಶ್ನೆ: ಜಾಗ ಉಂಟು, ಆದರೂ ಹೊಸ ಫೈಲ್ ಮಾಡಲು ಬಿಡುವುದಿಲ್ಲ. (ಮಣಿಪಾಲ)

ಉತ್ತರ: "ಡಿಎಫ್ -ಐ" (df -i) ನೋಡಿ. ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ದಾಖಲೆ) 100% ಆಗಿದ್ದರೆ ಲಕ್ಷಗಟ್ಟಲೆ ಚಿಕ್ಕ ಫೈಲುಗಳು ಎಲ್ಲಿ ಬಿದ್ದಿವೆ ಹುಡುಕಿ ತೆಗೆಯಿರಿ.

ಪ್ರಶ್ನೆ: ಪೆನ್‌ಡ್ರೈವ್ ಖಾಲಿ ಕಾಣುತ್ತದೆ, ಜಾಗವಿಲ್ಲ. ಮ್ಯಾಕ್‌ನಲ್ಲಿ ಅಳಿಸಿದ್ದು. (ಕುಂದಾಪುರ)

ಉತ್ತರ: ಅದೇ ಮ್ಯಾಕ್‌ಗೆ ಚುಚ್ಚಿ ಟ್ರ್ಯಾಶ್ ಖಾಲಿ ಮಾಡಿ. ಫೈಲುಗಳು ಪೆನ್‌ಡ್ರೈವಿನಲ್ಲೇ ಅಡಗಿದ ಫೋಲ್ಡರಿನಲ್ಲಿವೆ.

ಪ್ರಶ್ನೆ: ವಿಂಡೋಸ್ ಅಪ್‌ಡೇಟ್ ಆದ ಮೇಲೆ ಸಿ ಡ್ರೈವ್ ತುಂಬಿದೆ. ಕ್ಲೀನರ್ ಆ್ಯಪ್ ಹಾಕಲೇ? (ಸುರತ್ಕಲ್)

ಉತ್ತರ: ಬೇಡವೇ ಬೇಡ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ ಹಳೆಯ ವಿಂಡೋಸ್ ಆವೃತ್ತಿಗೆ ಟಿಕ್ ಹಾಕಿ ತೆಗೆಯಿರಿ. ಡೌನ್‌ಲೋಡ್ಸ್ ಫೋಲ್ಡರಿಗೂ ಅಲ್ಲೇ ಟಿಕ್ ಇರುತ್ತದೆ, ಅದನ್ನು ಮುಟ್ಟಬೇಡಿ.