ಬೆಂಚು ಇಟ್ಟುಕೊಂಡು ನಲಿ-ಕಲಿ ಬೇಡ

ಪೀಣ್ಯದ ನಿಮ್ಮ ಶಾಲೆಯ 20 ಅಡಿಗೆ 20 ಅಡಿ ಕೋಣೆಯಲ್ಲಿ ಬೆಂಚು ಹಾಗೇ ಬಿಟ್ಟು ನಲಿ-ಕಲಿ (ಸಣ್ಣ ತರಗತಿಗಳಲ್ಲಿ ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸೋ ವಿಧಾನ) ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ, ಮೊದಲು ಬೆಂಚು ಹೊರಗೆ ಹಾಕಿಸಿ. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ನೆಲದ ಮೇಲೆ ಸುತ್ತ ಕೂರಬೇಕು. ಆರು ಮಕ್ಕಳ ತಟ್ಟೆಗೆ ಸುಮಾರು 6 ಅಡಿ ಅಗಲ ಹಿಡಿಯುತ್ತೆ. ಬೆಂಚಿದ್ದರೆ ಎಲ್ಲರೂ ಬೋರ್ಡಿನ ಕಡೆಗೇ ತಿರುಗ್ತಾರೆ, ಪಾಠ ಹಳೇ ದಾರಿಗೇ ಜಾರುತ್ತೆ.

ಮಕ್ಕಳು ಬರೆಯೋಕೆ ಗೋಡೆಗೇ ಬಳಿಯೋ ಕಪ್ಪುಹಲಗೆ ನೆಲದಿಂದ ಒಂದಡಿ ಬಿಟ್ಟು ಮೂರೂವರೆ ಅಡಿವರೆಗೆ ಸಾಕು. ಬಳಿಯೋ ಮುಂಚೆ ಗೋಡೆಗೆ ಅಂಗೈ ಇಟ್ಟು ನೋಡಿ. ತಣ್ಣಗೆ, ತೇವ ಅನ್ನಿಸಿದರೆ ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ ಅದನ್ನ ನಿಲ್ಲಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬಣ್ಣ ಹಪ್ಪಳದ ಥರ ಏಳುತ್ತೆ, ಸೀಮೆಸುಣ್ಣ ಹಿಡಿಯಲ್ಲ.

ಕಾರ್ಡಿನ ಟ್ರೇಗಳು ದಯವಿಟ್ಟು ಬೀರುವಿನೊಳಗೆ ಬೇಡ. ಮಗು ತಾನೇ ಎತ್ತಿಕೊಳ್ಳೋ ಎತ್ತರದಲ್ಲಿ, ಕಲಿಕಾ ಏಣಿಯ (ಮಗು ಒಂದಾದ ಮೇಲೊಂದು ಕಲಿಯೋ ಮೆಟ್ಟಿಲುಗಳ ಪಟ್ಟಿ) ಕ್ರಮದಲ್ಲೇ ಇರಲಿ.